ಯಾವುದನ್ನು ಹಿಂದಕ್ಕೆ ನೂಕುತ್ತದೆ?

ನಮ್ಮ ದಾಸನಕೊಪ್ಪದ ಕಡೆ ಈಗ ಫೋನಿನಲ್ಲಿ ಎರಡು ಬಗೆಯ ವಿಡಿಯೊ ಓಡಾಡುತ್ತಿವೆ. ಒಂದರಲ್ಲಿ ಚಕ್ರದ ಸುತ್ತ ಅಯಸ್ಕಾಂತ ಜೋಡಿಸಿದ ಮೋಟಾರು. ಕರೆಂಟಿಲ್ಲ, ಡೀಸೆಲ್ಲಿಲ್ಲ, ಆದರೂ ತಿರುಗುತ್ತದೆ, ಪಕ್ಕದಲ್ಲೊಂದು ಬಲ್ಬು ಉರಿಯುತ್ತದೆ. ಇನ್ನೊಂದರಲ್ಲಿ ತಟ್ಟೆಯಂಥ ಆಕಾಶನೌಕೆ. ಅದಕ್ಕೆ ಬೆಂಕಿಯಿಲ್ಲ, ಹೊಗೆಯಿಲ್ಲ. ಬರೀ ವಿದ್ಯುತ್ಕಾಂತೀಯ ಕ್ಷೇತ್ರದಿಂದಲೇ ಚಲಿಸುತ್ತದೆ ಎಂದು ಹಿನ್ನೆಲೆಯ ದನಿ ಹೇಳುತ್ತದೆ. ಮೊದಲನೆಯದನ್ನು ತೋರಿಸುವವರು ತೋಟ, ಗದ್ದೆ ಇರುವ ಹಿರಿಯರು. ಎರಡನೆಯದನ್ನು ತೋರಿಸುವವರು ಹೈಸ್ಕೂಲು ಮಕ್ಕಳು. ಇಬ್ಬರೂ ಕೇಳುವುದು ಒಂದೇ: "ನೀವು ಪೇಪರಿನವರು, ಇದು ಖರೆ ಏನ್ರಿ?"

ನಾವು ಓದಿದ್ದು ಗ್ರಾಮೀಣ ಪತ್ರಿಕೋದ್ಯಮ. ಅಡಿಕೆ ಕೊಳೆರೋಗ, ಪಂಚಾಯ್ತಿ ಸಭೆ, ಮೆಕ್ಕೆಜೋಳದ ದರ, ಕೆರೆ ಹೂಳು ಇವೆಲ್ಲ ನಮ್ಮ ಪಠ್ಯದಲ್ಲಿದ್ದವು. ಆಕಾಶನೌಕೆ ಇರಲಿಲ್ಲ. ಆದರೆ ಊರಿನಲ್ಲಿ ಪತ್ರಿಕೆಯವರು ಎಂದರೆ ಎಲ್ಲವನ್ನೂ ಕೇಳಬಹುದಾದ ಜನ. ಹಾರಿಕೆಯ ಉತ್ತರ ಕೊಟ್ಟು ಎದ್ದು ಬರಬಹುದಿತ್ತು. ಬರಲಿಲ್ಲ. ಕಾರಣ, ಮೊದಲ ವಿಡಿಯೊದ ಹಿಂದೆ ದುಡ್ಡಿತ್ತು. ನಮ್ಮೊಬ್ಬರ ಮನೆಯ ಹಿರಿಯರಿಗೆ ಅಂಥ ಮೋಟಾರು ಕೊಡಿಸುತ್ತೇವೆಂದು ಯಾರೋ ಫೋನು ಮಾಡಿದ್ದರು. ಮುಂಗಡ ಕೊಟ್ಟರೆ ಆರು ತಿಂಗಳಲ್ಲಿ ಬೋರಿಗೆ ಕೂರಿಸಿಕೊಡುತ್ತಾರಂತೆ, ಆಮೇಲೆ ಜೀವಮಾನವಿಡೀ ಬಿಟ್ಟಿ ನೀರು. ಎರಡನೆಯ ವಿಡಿಯೊದ ಹಿಂದೆ ಒಂದು ಆಸೆಯಿತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನು ಮುಂದೆ ಅಂಥ ನೌಕೆ ಮಾಡುವುದನ್ನೇ ಓದುತ್ತೇನೆ, ಅದಕ್ಕೆ ಯಾವ ಕಾಲೇಜು ಎಂದು ಕೇಳಿದಳು. ದುಡ್ಡನ್ನು ಉಳಿಸಬೇಕು, ಆಸೆಯನ್ನು ಕೊಲ್ಲಬಾರದು. ಅದಕ್ಕಾಗಿ ನಾವು ಮೂವರು ಕೆಲವು ತಿಂಗಳು ಓದಿದೆವು, ಗೊತ್ತಿದ್ದವರನ್ನು ಕೇಳಿದೆವು, ಲೆಕ್ಕ ಮಾಡಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ, ವಿದ್ಯುತ್ಕಾಂತೀಯ ಕ್ಷೇತ್ರ ಏನನ್ನೂ ನೂಕುವುದಿಲ್ಲ ಎಂದು ಯಾರಾದರೂ ಹೇಳಿದರೆ ನಮ್ಮ ಕಡೆಯ ರೈತರು ನಗುತ್ತಾರೆ. ತೋಟದ ಪಂಪು ದಿನವೂ ಮಾಡುವ ಕೆಲಸ ಅದೇ ತಾನೆ? ಮೋಟಾರಿನೊಳಗೆ ಹೊರಗಿನ ಸುರುಳಿಗೂ ಒಳಗೆ ತಿರುಗುವ ರೋಟರಿಗೂ ನಡುವೆ ಗಾಳಿಯ ಸಣ್ಣ ಸಂದು. ಒಂದಕ್ಕೊಂದು ತಾಗುವುದಿಲ್ಲ. ಮೂರು ಫೇಸಿನ ಕರೆಂಟು ಒಂದರ ಹಿಂದೊಂದು ಏರಿಳಿದು, ಸೆಕೆಂಡಿಗೆ ಐವತ್ತು ಸಲ ಸುತ್ತುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ರೋಟರನ್ನು ಎಳೆದುಕೊಂಡು ತಿರುಗುತ್ತದೆ. ಒಂದು ಫೇಸು ಹೋದರೆ ಕ್ಷೇತ್ರ ಸುತ್ತುವುದು ನಿಲ್ಲುತ್ತದೆ; ಮೋಟಾರು ಗುಂಯ್ ಎಂದು ನರಳುತ್ತದೆ, ಏಳುವುದಿಲ್ಲ. ಇದು ಎಲ್ಲರಿಗೂ ಕೇಳಿ ಗೊತ್ತಿರುವ ಶಬ್ದ.

ಆದರೆ ಇದೇ ಪಂಪು ಇನ್ನೊಂದು ಪಾಠವನ್ನೂ ಹೇಳುತ್ತದೆ. ಸ್ವಿಚ್ ಹಾಕಿದ ಕ್ಷಣ ಮೋಟಾರಿನ ಮೈ ಒಮ್ಮೆ ಜಗ್ಗುತ್ತದೆ. ರೋಟರು ಒಂದು ಕಡೆ ತಿರುಗಲು ಹೊರಟರೆ ಹೊರಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಬುನಾದಿಯ ಬೋಲ್ಟು ಸಡಿಲವಿದ್ದರೆ ಪಂಪೇ ಜಾಗ ಬಿಟ್ಟು ಕುಣಿಯುತ್ತದೆ. ಬೋರ್‌ವೆಲ್ಲಿನ ಆಳದಲ್ಲಿ ನೇತಾಡುವ ಸಬ್‌ಮರ್ಸಿಬಲ್ ಪ್ರತಿಸಲ ಶುರುವಾದಾಗ ಪೈಪನ್ನು ತಿರುಚಲು ನೋಡುತ್ತದೆ. ಆ ತಿರುಚನ್ನು ತಡೆಯಲೆಂದೇ ಪೈಪಿಗೆ ರಬ್ಬರಿನ ತಡೆ ಹಾಕಿಸುವವರಿದ್ದಾರೆ. ಅಂದರೆ ಕ್ಷೇತ್ರ ನೂಕುತ್ತದೆ ನಿಜ, ಆದರೆ ಎರಡೂ ಕಡೆಗೆ ನೂಕುತ್ತದೆ. ರೋಟರಿಗೆ ಎಷ್ಟು ಕೊಟ್ಟಿತೋ ಅಷ್ಟನ್ನೇ ಸುರುಳಿಗೆ ತಿರುಗಿಸಿ ಕೊಡುತ್ತದೆ. ಸುರುಳಿಯ ಪಾಲನ್ನು ಬೋಲ್ಟು, ಬೋಲ್ಟಿನ ಪಾಲನ್ನು ಕಾಂಕ್ರೀಟು, ಕಾಂಕ್ರೀಟಿನದನ್ನು ಭೂಮಿ ತೆಗೆದುಕೊಳ್ಳುತ್ತದೆ. ಭೂಮಿ ದೊಡ್ಡದು, ಹಾಗಾಗಿ ನಮಗೆ ಕಾಣುವುದಿಲ್ಲ.

ಇದನ್ನೇ ಬನವಾಸಿಯ ವರದಾ ಹೊಳೆಯಲ್ಲಿ ದೋಣಿ ಹತ್ತಿದವರಿಗೆ ಬೇರೆ ರೀತಿ ಹೇಳಬಹುದು. ದೋಣಿಯೊಳಗೆ ನಿಂತು ಅದರ ಮುಂದಿನ ಹಲಗೆಯನ್ನು ಎಷ್ಟು ಜೋರಾಗಿ ನೂಕಿದರೂ ದೋಣಿ ದಡ ಸೇರುವುದಿಲ್ಲ. ಕೋಲನ್ನು ಹೊಳೆಯ ತಳಕ್ಕೆ ಊರಬೇಕು, ಅಥವಾ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳಬೇಕು. ಎರಡೂ ಇಲ್ಲದಿದ್ದರೆ ದೋಣಿಯಲ್ಲಿರುವ ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆಯಬೇಕು. ರಾಕೆಟ್ ಮಾಡುವುದು ಮೂರನೆಯ ಕೆಲಸ. ಅಂತರಿಕ್ಷದಲ್ಲಿ ತಳವೂ ಇಲ್ಲ, ನೀರೂ ಇಲ್ಲ, ಹೊತ್ತೊಯ್ದದ್ದನ್ನೇ ಎಸೆಯಬೇಕು.

ಹಾಗಾದರೆ ವಿಡಿಯೊದವರು ಹೇಳುವ "ಏನನ್ನೂ ಎಸೆಯದ" ನೌಕೆ ಎಲ್ಲಿಂದ ಬಂತು? ಇದು ಪೂರ್ತಿ ಕಟ್ಟುಕತೆಯಲ್ಲ. ಬ್ರಿಟನ್ನಿನ ಎಂಜಿನಿಯರ್ ರೋಜರ್ ಶಾಯರ್ 2000ದ ದಶಕದ ಆರಂಭದಲ್ಲಿ ಒಂದು ತಾಮ್ರದ ಪೆಟ್ಟಿಗೆಯ ವಿಚಾರ ಮುಂದಿಟ್ಟರು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಬಾಯಿ ಮುಚ್ಚಿದ ಬಕೆಟ್ಟಿನ ಹಾಗೆ. ಒಳಗೆ ಮೈಕ್ರೊವೇವ್ ತುಂಬಿದರೆ ಅಗಲದ ಗೋಡೆಯ ಮೇಲೆ ಹೆಚ್ಚು ಒತ್ತಡ, ಕಿರಿದರ ಮೇಲೆ ಕಡಿಮೆ ಒತ್ತಡ ಬಿದ್ದು ಪೆಟ್ಟಿಗೆ ತಾನೇ ಸರಿಯುತ್ತದೆ ಎಂಬುದು ಅವರ ವಾದ. ಅದಕ್ಕೆ ಎಮ್‌ಡ್ರೈವ್ ಎಂದು ಹೆಸರು. ದೋಣಿಯ ಹಲಗೆಯನ್ನು ಒಳಗಿನಿಂದ ನೂಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ ಎಂದು ಭೌತವಿಜ್ಞಾನಿಗಳು ಆಗಲೇ ಹೇಳಿದರು. ಇಳಿಜಾರಾದ ಪಕ್ಕದ ಗೋಡೆಗಳ ಮೇಲೆ ಬೀಳುವ ಒತ್ತಡವನ್ನೂ ಸೇರಿಸಿದರೆ ಲೆಕ್ಕ ಸೊನ್ನೆಗೆ ಬಂದು ನಿಲ್ಲುತ್ತದೆ.

ಆದರೆ 2016ರಲ್ಲಿ ಅಮೆರಿಕದ ನಾಸಾದ ಜಾನ್ಸನ್ ಕೇಂದ್ರದ ಒಂದು ಸಣ್ಣ ತಂಡ, ಹೆರಾಲ್ಡ್ ವೈಟ್ ಮತ್ತು ಜೊತೆಗಾರರು, ಇಂಥದ್ದೇ ಪೆಟ್ಟಿಗೆಯನ್ನು ನಿರ್ವಾತದಲ್ಲಿ ತೂಗುಹಾಕಿ ಪರೀಕ್ಷಿಸಿ ನೂಕುಬಲ ಕಂಡಿತೆಂದು ಪ್ರಕಟಿಸಿದರು. ಒಂದು ಕಿಲೊವ್ಯಾಟಿಗೆ 1.2 ಮಿಲಿನ್ಯೂಟನ್ ಎಂದು ಅವರ ಲೆಕ್ಕ. ಪ್ರಯೋಗದಲ್ಲಿ ನಿಜಕ್ಕೂ ಅಳೆದದ್ದು ಒಂದು ಅಕ್ಕಿಕಾಳಿನ ತೂಕಕ್ಕಿಂತ ಕಡಿಮೆ ಬಲ. ಜಗತ್ತಿನ ಪತ್ರಿಕೆಗಳು "ಅಸಾಧ್ಯ ಎಂಜಿನ್ ಕೆಲಸ ಮಾಡಿತು" ಎಂದು ಬರೆದವು. ಇಂದಿಗೂ ನಮ್ಮ ಮಕ್ಕಳ ಫೋನಿಗೆ ಬರುತ್ತಿರುವುದು ಆ ತಲೆಬರಹದ ಮೊಮ್ಮಕ್ಕಳು.

ಆಮೇಲಿನ ಕತೆ ಫೋನಿಗೆ ಬರಲಿಲ್ಲ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ತಾಜ್ಮರ್ ಅವರ ತಂಡ ಅದೇ ಪ್ರಯೋಗವನ್ನು ಇನ್ನೂ ಎಚ್ಚರದಿಂದ ಮಾಡಿತು. 2018ರಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು. ಪೆಟ್ಟಿಗೆಯೊಳಗೆ ಹೋಗುವ ಮೈಕ್ರೊವೇವನ್ನು ಬಹುತೇಕ ತಡೆದರೂ ನೂಕುಬಲ ಹಾಗೆಯೇ ಇತ್ತು. ಅಂದರೆ ನೂಕುತ್ತಿದ್ದದ್ದು ಪೆಟ್ಟಿಗೆ ಅಲ್ಲ. ಕರೆಂಟು ಹರಿಯುವ ತಂತಿ ಭೂಮಿಯ ಕಾಂತಕ್ಷೇತ್ರಕ್ಕೆ ಒರಗಿ ತಳ್ಳುತ್ತಿರಬಹುದು ಎಂದು ಅವರು ಅನುಮಾನಪಟ್ಟರು. 2021ರಲ್ಲಿ ತಕ್ಕಡಿಯನ್ನು ಇನ್ನಷ್ಟು ಸುಧಾರಿಸಿದಾಗ, ಬಿಸಿಯಿಂದ ಭಾಗಗಳು ಹಿಗ್ಗಿ ತೂಕದ ಸಮತೋಲ ಸರಿಯುವುದೂ ನೂಕುಬಲದಂತೆ ತೋರುತ್ತದೆಂದು ಗೊತ್ತಾಯಿತು. ಅದನ್ನೆಲ್ಲ ಕಳೆದ ಮೇಲೆ ಉಳಿದದ್ದು ಸೊನ್ನೆ.

ನಮಗೆ ಈ ಕತೆಯಲ್ಲಿ ಇಷ್ಟವಾದದ್ದು ಆ ತಂತಿ. ಇಂಧನವಿಲ್ಲದೆ ನೂಕುವ ಬಲವನ್ನು ಹುಡುಕಲು ಹೊರಟವರಿಗೆ, ಇಂಧನವಿಲ್ಲದೆ ನೂಕುವ ಒಂದು ಸಾಚಾ ದಾರಿಯೇ ಅಡ್ಡ ಬಂದಿರಬಹುದು ಎನ್ನಿಸಿತು! ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಕರೆಂಟು ಹರಿಯುವ ಸುರುಳಿಯನ್ನು ಅದರ ಕ್ಷೇತ್ರದಲ್ಲಿಟ್ಟರೆ ದಿಕ್ಸೂಚಿಯ ಮುಳ್ಳಿನಂತೆ ತಿರುಗುತ್ತದೆ. ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಗಳು ಮೈ ತಿರುಗಿಸಲು ಇದನ್ನು ದಿನವೂ ಬಳಸುತ್ತವೆ. ಇಂಧನ ಬೇಡ, ಸೌರಫಲಕದ ಕರೆಂಟು ಸಾಕು. ಆದರೆ ಇಲ್ಲಿಯೂ ಹಿಂದಕ್ಕೆ ನೂಕಿಸಿಕೊಳ್ಳುವವರು ಒಬ್ಬರಿದ್ದಾರೆ: ಭೂಮಿ. ಮೈಲುಗಟ್ಟಲೆ ಉದ್ದದ ತಂತಿಯನ್ನು ಕೆಳಕ್ಕೋ ಮೇಲಕ್ಕೋ ಇಳಿಬಿಟ್ಟು, ಅದರಲ್ಲಿ ಕರೆಂಟು ಹರಿಸಿ ಕಕ್ಷೆಯನ್ನೇ ಏರಿಸುವ ಇಳಿಸುವ ಯೋಚನೆಯೂ ಇದೆ. 1996ರ ಫೆಬ್ರುವರಿಯಲ್ಲಿ ಅಮೆರಿಕದ ಕೊಲಂಬಿಯಾ ನೌಕೆಯಿಂದ ಸುಮಾರು 20 ಕಿಲೊಮೀಟರ್ ತಂತಿ ಬಿಚ್ಚಿದರು. ಕ್ಷೇತ್ರವನ್ನು ಕತ್ತರಿಸಿಕೊಂಡು ಓಡುತ್ತಿದ್ದ ತಂತಿಯಲ್ಲಿ ಸುಮಾರು 3,500 ವೋಲ್ಟ್ ಹುಟ್ಟಿತು, ಕೊನೆಗೆ ತಂತಿ ಸುಟ್ಟು ತುಂಡಾಯಿತು. ಯೋಚನೆ ಮಾತ್ರ ಸರಿಯಿತ್ತು.

ಭೂಮಿಯ ಕ್ಷೇತ್ರ ಇಲ್ಲದ ಕಡೆ ಏನು ಮಾಡುವುದು? ಆ ಹುಡುಗಿ ಕೇಳಿದ ಮುಂದಿನ ಪ್ರಶ್ನೆ ಇದೇ, ಅದೂ ನಮಗಿಂತ ಚುರುಕಾಗಿ. "ಕ್ಷೇತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸಮಯ ತಗೋತದಲ್ಲ? ಹಂಗಾದರೆ ಎರಡು ಸುರುಳಿ ಒಂದೇ ನೌಕೆಯಲ್ಲಿಟ್ಟು ಟೈಮಿಂಗ್ ಹೊಂದಿಸಿದರೆ, ಎರಡೂ ಒಂದೇ ಕಡೆ ನೂಕಿಸಿಕೊಳ್ಳೋದಿಲ್ಲೇನು?" ಇದು ಹಗುರವಾದ ಪ್ರಶ್ನೆಯಲ್ಲ. 1949ರಲ್ಲಿ ಅಮೆರಿಕದ ಹೆಸರಾಂತ ವಿದ್ಯುತ್ ಎಂಜಿನಿಯರ್ ಜೋಸೆಫ್ ಸ್ಲೆಪಿಯನ್ ಇಂಥದ್ದೇ ಒಗಟನ್ನು ತನ್ನ ವೃತ್ತಿಯವರ ಮುಂದಿಟ್ಟಿದ್ದ, "ವಿದ್ಯುತ್ಕಾಂತೀಯ ಆಕಾಶನೌಕೆ" ಎಂಬ ಹೆಸರಿನಲ್ಲೇ. ಉತ್ತರ ಸೊಗಸಾಗಿದೆ. ಕ್ಷೇತ್ರ ಖಾಲಿ ಜಾಗವಲ್ಲ; ಅದೂ ತನ್ನೊಳಗೆ ಸಂವೇಗವನ್ನು ಹೊತ್ತಿರುತ್ತದೆ. ಒಂದು ಕ್ಷಣ ಎರಡೂ ಸುರುಳಿ ಒಂದೇ ಕಡೆ ನೂಕಿಸಿಕೊಂಡಂತೆ ಕಂಡರೆ, ಅದರ ಸಾಲ ಕ್ಷೇತ್ರದ ಪುಸ್ತಕದಲ್ಲಿ ಬರೆದಿರುತ್ತದೆ. ಮರುಕ್ಷಣ ಕ್ಷೇತ್ರ ಅದನ್ನು ವಸೂಲು ಮಾಡುತ್ತದೆ. ನೌಕೆ ಹಿಂದೆ ಮುಂದೆ ನಡುಗುತ್ತದೆ, ಊರು ಬಿಡುವುದಿಲ್ಲ. ವಸೂಲು ಮಾಡಲಾಗದ ಹಾಗೆ ಕ್ಷೇತ್ರ ಪೂರ್ತಿ ಹೊರಟುಹೋದರೆ ಮಾತ್ರ ನೂಕುಬಲ ಉಳಿಯುತ್ತದೆ. ಹಾಗೆ ಹೊರಟುಹೋದ ಕ್ಷೇತ್ರಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ: ಬೆಳಕು, ರೇಡಿಯೊ ಅಲೆ.

ಅಂದರೆ ಬೆಳಕನ್ನೇ ಹಿಂದಕ್ಕೆ ಎಸೆದು ಮುಂದೆ ಹೋಗಬಹುದು. ಇಲ್ಲಿ ಮೋಸವಿಲ್ಲ. ಬೆಳಕಿಗೆ ಒತ್ತಡವಿದೆಯೆಂದು ಮ್ಯಾಕ್ಸ್‌ವೆಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಲೆಕ್ಕ ಹಾಕಿದ್ದ. ರಷ್ಯದ ಲೆಬೆಡೆವ್ 1900ರ ಹೊತ್ತಿಗೆ ಅದನ್ನು ಅಳೆದೂ ತೋರಿಸಿದ. 2010ರಲ್ಲಿ ಜಪಾನ್ ಕಳಿಸಿದ ಇಕಾರೋಸ್ ಎಂಬ ನೌಕೆ ಬಿಸಿಲಿನ ಒತ್ತಡದಿಂದಲೇ ವೇಗ ಪಡೆಯಿತು. ತೊಡಕು ಇರುವುದು ಪ್ರಮಾಣದಲ್ಲಿ. ನಾವು ನಮ್ಮ ಅಳತೆಯಲ್ಲೇ ಲೆಕ್ಕ ಹಾಕಿದೆವು. ಒಂದು ಎಕರೆ ಅಗಲದ ಕನ್ನಡಿಯನ್ನು ಅಂತರಿಕ್ಷದಲ್ಲಿ ಸೂರ್ಯನಿಗೆ ನೇರವಾಗಿ ಹಿಡಿದರೆ ಅದರ ಮೇಲೆ ಬೀಳುವ ಒಟ್ಟು ಬಲ ಸುಮಾರು 3.7 ಗ್ರಾಂ ತೂಕದಷ್ಟು. ಒಂದು ಎಕರೆ ಬಿಸಿಲಿಗೆ ಒಂದು ಸಣ್ಣ ಒಣ ಅಡಿಕೆಯ ಭಾರ. ವರ್ಷಗಟ್ಟಲೆ ಕಾಯುವ ತಾಳ್ಮೆ ಇದ್ದವರಿಗೆ ಅದೂ ಸಾಕು. ಆದರೆ ತಟ್ಟೆ ಥಟ್ಟನೆ ಹಾರಿ ಮಾಯವಾಗುವುದಿಲ್ಲ.

ಭೂಮಿಯ ಮೇಲಾದರೆ ಕ್ಷೇತ್ರಕ್ಕೆ ನೂಕಲು ಬೇಕಾದಷ್ಟಿದೆ. ಜಪಾನಿನವರು 1992ರಲ್ಲಿ ಕೋಬೆ ಬಂದರಿನಲ್ಲಿ ಯಮಾಟೊ-1 ಎಂಬ ಹಡಗು ಓಡಿಸಿದರು. ಅದಕ್ಕೆ ತಿರುಗುವ ಪಂಖ ಇರಲಿಲ್ಲ. ಸಮುದ್ರದ ನೀರಿನಲ್ಲಿ ಕರೆಂಟು ಹರಿಸಿ, ಬಲವಾದ ಅಯಸ್ಕಾಂತದಿಂದ ಆ ನೀರನ್ನೇ ಹಿಂದಕ್ಕೆ ಚಿಮ್ಮಿಸುವ ಉಪಾಯ. ಗಂಟೆಗೆ ಸುಮಾರು 15 ಕಿಲೊಮೀಟರ್ ಓಡಿತು. ಉಪ್ಪುನೀರು ಕರೆಂಟು ಹಾಯಿಸುತ್ತದೆ, ಹಾಗಾಗಿ ಕಾರವಾರದ ಕಡಲಿನಲ್ಲಿ ಅದು ನಡೆದೀತು. ವರದೆಯ ಸಿಹಿನೀರಿನಲ್ಲಿ ನಡೆಯದು. 2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವನ್ ಬ್ಯಾರೆಟ್ ತಂಡ ಸುಮಾರು ಎರಡೂವರೆ ಕಿಲೊ ತೂಕದ ಪುಟ್ಟ ವಿಮಾನವನ್ನು ಒಂದು ದೊಡ್ಡ ಕೋಣೆಯೊಳಗೆ ಸುಮಾರು 60 ಮೀಟರ್ ಹಾರಿಸಿತು. ಅದರಲ್ಲಿ ತಿರುಗುವ ಭಾಗವೇ ಇಲ್ಲ. 40,000 ವೋಲ್ಟಿನಿಂದ ಗಾಳಿಯ ಕಣಗಳಿಗೆ ವಿದ್ಯುದಾವೇಶ ಕೊಟ್ಟು, ಅವನ್ನು ಹಿಂದಕ್ಕೆ ಎಳೆದು ಗಾಳಿಯನ್ನೇ ತಳ್ಳುವುದು. ಬೆಳ್ಳಿ ಹಾಳೆ ಸುತ್ತಿದ ತ್ರಿಕೋನವೊಂದು ತಂತಿ ಕಟ್ಟಿಕೊಂಡು ಮೇಲೇಳುವ "ಗುರುತ್ವ ವಿರೋಧಿ" ವಿಡಿಯೊಗಳಲ್ಲಿ ನಡೆಯುವುದೂ ಇದೇ. ಕೆಳಗೆ ಕೈಯಿಟ್ಟರೆ ಗಾಳಿ ತಾಗುತ್ತದೆ. ಮಕ್ಕಳಿಗೆ ಒಂದು ಮಾತು: ಅಷ್ಟು ವೋಲ್ಟನ್ನು ಮನೆಯಲ್ಲಿ ಮುಟ್ಟಲು ಹೋಗಬೇಡಿ, ಜೀವ ಹೋಗುತ್ತದೆ.

ಈಗ ನಿಜವಾದ ಆಕಾಶಕ್ಕೆ, ಮತ್ತು ನಮ್ಮದೇ ನಾಡಿಗೆ ಬರೋಣ. ವಿದ್ಯುತ್ ಮತ್ತು ಕಾಂತಕ್ಷೇತ್ರದಿಂದ ಉಪಗ್ರಹ ನೂಕುವ ಕೆಲಸ ಕನಸಲ್ಲ, ಬೆಂಗಳೂರಿನಲ್ಲಿ ಜೋಡಣೆಯಾದ ಉಪಗ್ರಹಗಳಲ್ಲಿ ಅದು ಆಗಲೇ ನಡೆದಿದೆ. ಅದರ ಹೆಸರು ಸ್ಥಾಯಿ ಪ್ಲಾಸ್ಮಾ ಥ್ರಸ್ಟರ್, ಹಾಲ್ ಥ್ರಸ್ಟರ್ ಎಂದೂ ಕರೆಯುತ್ತಾರೆ. ನೋಡಲು ಒಲೆಯ ಬರ್ನರಿನಂತೆ ಉಂಗುರಾಕಾರದ ಕಾಲುವೆ. ಅದರೊಳಗೆ ಜೆನಾನ್ ಎಂಬ ಭಾರವಾದ ಅನಿಲವನ್ನು ತೊಟ್ಟುತೊಟ್ಟಾಗಿ ಬಿಡುತ್ತಾರೆ. ಸುತ್ತಲಿನ ಅಯಸ್ಕಾಂತಗಳು ಹಗುರವಾದ ಇಲೆಕ್ಟ್ರಾನುಗಳನ್ನು ಹೊರಗೆ ಓಡಲು ಬಿಡದೆ ಕಾಲುವೆಯಲ್ಲೇ ಗಿರಗಿರ ಸುತ್ತಿಸುತ್ತವೆ. ಸುತ್ತುವ ಇಲೆಕ್ಟ್ರಾನುಗಳು ಜೆನಾನ್ ಕಣಗಳಿಗೆ ಬಡಿದು ಅವುಗಳಿಂದಲೂ ಇಲೆಕ್ಟ್ರಾನ್ ಕಿತ್ತುಹಾಕುತ್ತವೆ. ಹಾಗೆ ಧನ ಆವೇಶ ಪಡೆದ ಜೆನಾನನ್ನು ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಹದಿನೈದು, ಇಪ್ಪತ್ತು ಕಿಲೊಮೀಟರ್ ವೇಗದಲ್ಲಿ ಹೊರಗೆ ಉಗುಳುತ್ತದೆ. ರಾಸಾಯನಿಕ ಇಂಧನದ ಬೆಂಕಿ ಕೊಡುವ ವೇಗ ಸುಮಾರು ಮೂರು ಕಿಲೊಮೀಟರ್. ಎಸೆಯುವ ಕಲ್ಲು ವೇಗವಾಗಿ ಹೋದಷ್ಟೂ ಕಡಿಮೆ ಕಲ್ಲು ಸಾಕು, ಲಾಭ ಇಷ್ಟೇ. ಸೋವಿಯತ್ ಒಕ್ಕೂಟ ಇದನ್ನು 1972ರಲ್ಲೇ ಮೀಟಿಯೋರ್ ಉಪಗ್ರಹದಲ್ಲಿ ನಡೆಸಿತ್ತು.

ಇಸ್ರೋ ಇಂಥ ಥ್ರಸ್ಟರುಗಳನ್ನು 2010ರಲ್ಲಿ ಜಿಸ್ಯಾಟ್-4ರಲ್ಲಿ ಇಟ್ಟಿತ್ತು. ಆ ವರ್ಷ ಏಪ್ರಿಲ್ 15ರಂದು ರಾಕೆಟ್ ವಿಫಲವಾಗಿ ಉಪಗ್ರಹ ಕಡಲು ಸೇರಿತು. ಮತ್ತೆ 2017ರ ಮೇ 5ರಂದು ಹಾರಿದ ಜಿಸ್ಯಾಟ್-9, ದಕ್ಷಿಣ ಏಷ್ಯಾ ಉಪಗ್ರಹ, ಪ್ಲಾಸ್ಮಾ ಥ್ರಸ್ಟರುಗಳನ್ನು ಕಕ್ಷೆಗೆ ಒಯ್ದಿತು. 2025ರ ಮಾರ್ಚಿನಲ್ಲಿ ಇಸ್ರೋ ತಾನೇ ರೂಪಿಸಿದ 300 ಮಿಲಿನ್ಯೂಟನ್ ಥ್ರಸ್ಟರನ್ನು ಅಂತರಿಕ್ಷದಂಥ ನಿರ್ವಾತದ ಕೋಣೆಯಲ್ಲಿ 1,000 ಗಂಟೆ ಓಡಿಸಿ ಮುಗಿಸಿದ್ದಾಗಿ ಹೇಳಿತು. ಅದು ತಿನ್ನುವ ವಿದ್ಯುತ್ 5.4 ಕಿಲೊವ್ಯಾಟ್.

ಆ ಅಂಕಿ ನೋಡಿ ನಾವು ನಕ್ಕೆವು. 5.4 ಕಿಲೊವ್ಯಾಟ್ ಅಂದರೆ ನಮ್ಮ ಕಡೆಯ ಏಳೂವರೆ ಎಚ್‌ಪಿ ಪಂಪಿನಷ್ಟೇ! ಅಷ್ಟು ಕರೆಂಟಿನಲ್ಲಿ ಪಂಪು ತೋಟವೊಂದನ್ನು ತೋಯಿಸುತ್ತದೆ. ಥ್ರಸ್ಟರು ಕೊಡುವುದು ಸುಮಾರು 30 ಗ್ರಾಂ ಭಾರದಷ್ಟು ನೂಕುಬಲ. ಕೇಳಿದರೆ ಹಾಸ್ಯ ಅನ್ನಿಸುತ್ತದೆ. ಆದರೆ ಎರಡು ಸಾವಿರ ಕಿಲೊ ಉಪಗ್ರಹವನ್ನು ತಡೆಯುವ ಗಾಳಿ, ಮಣ್ಣು ಅಲ್ಲಿಲ್ಲ. ನಮ್ಮ ಲೆಕ್ಕದ ಪ್ರಕಾರ ಒಂದು ಹಗಲು ಒಂದು ರಾತ್ರಿ ನಿಲ್ಲಿಸದೆ ಉರಿಸಿದರೆ ಅದರ ವೇಗ ಗಂಟೆಗೆ ಸುಮಾರು 47 ಕಿಲೊಮೀಟರ್ ಹೆಚ್ಚುತ್ತದೆ, ಖರ್ಚಾಗುವ ಜೆನಾನ್ ಒಂದೂವರೆ ಕಿಲೊ ಆಸುಪಾಸು. ನೂರು ದಿನ ಉರಿಸಿದರೆ ನೂರು ಪಟ್ಟು. ಅದೇ 5.4 ಕಿಲೊವ್ಯಾಟನ್ನು ಏನನ್ನೂ ಎಸೆಯದೆ ಬರೀ ಬೆಳಕಾಗಿ ಹಿಂದಕ್ಕೆ ಬಿಟ್ಟರೆ? 30 ಗ್ರಾಂ ಬದಲು ಎರಡು ಮಿಲಿಗ್ರಾಂಗೂ ಕಡಿಮೆ ಭಾರದ ಬಲ. ಇಂಧನ ಹೊರುವುದು ಎಂಜಿನಿಯರುಗಳ ದಡ್ಡತನವಲ್ಲ ಎಂಬುದು ಈ ಎರಡು ಅಂಕಿಗಳ ನಡುವೆ ಕಾಣುತ್ತದೆ.

ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಜೆನಾನ್ ಹಿಂದಕ್ಕೆ ಹೋದರೆ ಉಪಗ್ರಹವನ್ನು ಮುಂದಕ್ಕೆ ನೂಕುವುದು ಯಾವ ಭಾಗ? ಕಾಲುವೆಯಲ್ಲಿ ಸುತ್ತುವ ಇಲೆಕ್ಟ್ರಾನುಗಳೇ ಒಂದು ಕರೆಂಟು, ಆ ಕರೆಂಟು ಅಯಸ್ಕಾಂತದ ಸುರುಳಿಗಳ ಮೇಲೆ ಒರಗಿ ಅವನ್ನು ಮುಂದಕ್ಕೆ ತಳ್ಳುತ್ತದೆ. ಸುರುಳಿಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಉಪಗ್ರಹಕ್ಕೆ. ಸುರುಳಿ, ಬೋಲ್ಟು, ಕಾಂಕ್ರೀಟು ಎಂದು ಪಂಪಿನಲ್ಲಿ ಕಂಡ ಸರಪಳಿಯೇ ಇದು. ಕ್ಷೇತ್ರದ ಪಾತ್ರ ದಲ್ಲಾಳಿಯದು. ಎರಡು ಪಕ್ಷಗಳ ನಡುವೆ ವ್ಯವಹಾರ ಮಾಡಿಸುತ್ತದೆ, ಎರಡನೆಯ ಪಕ್ಷವೇ ಇಲ್ಲದಿದ್ದರೆ ವ್ಯವಹಾರವಿಲ್ಲ.

ಇಷ್ಟು ಹೇಳುವಾಗ ಚಹಾದಂಗಡಿಯಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ: "ಹಂಗಾದರೆ ನಮ್ಮ ವಿಮಾನಶಾಸ್ತ್ರದಾಗ ಬರೆದದ್ದು?" ಆ ಕತೆಯೂ ನಮ್ಮ ರಾಜ್ಯದ್ದೇ, ಮತ್ತು ಅದಕ್ಕೆ ಉತ್ತರ ಹೇಳಿದವರೂ ನಮ್ಮ ರಾಜ್ಯದಲ್ಲೇ ಇದ್ದವರು. ವೈಮಾನಿಕ ಶಾಸ್ತ್ರವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಅದನ್ನು ಇಂಗ್ಲಿಷ್ ಅನುವಾದ ಮತ್ತು ಚಿತ್ರಗಳೊಂದಿಗೆ ಪ್ರಕಟಿಸಿದರು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು ಅದನ್ನು ಕೂಲಂಕಷವಾಗಿ ಓದಿ ವಿಮರ್ಶೆ ಬರೆದರು. ಗ್ರಂಥ ಪುರಾತನವಲ್ಲ, 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ಅವರು ತೀರ್ಮಾನಿಸಿದರು. ಅವರು ಗೇಲಿ ಮಾಡಿ ಬಿಡಲಿಲ್ಲ. ತೂಕ, ಬಲ, ಆಕಾರ ಹಿಡಿದು ಲೆಕ್ಕ ಹಾಕಿದರು. ನಾಲ್ಕು ವಿಮಾನಗಳಲ್ಲಿ ಸ್ವಲ್ಪವಾದರೂ ಅರ್ಥವಾಗುವಂತೆ ಕಂಡದ್ದು ರುಕ್ಮ ವಿಮಾನ ಮಾತ್ರ. ಯಾಕೆ? ಅದರಲ್ಲಿ ಮೇಲಿನಿಂದ ಗಾಳಿ ಎಳೆದು ಕೊಳವೆಗಳ ಮೂಲಕ ಕೆಳಕ್ಕೆ ತಳ್ಳುವ ಪಂಖಗಳಿದ್ದವು. ಹಿಂದಕ್ಕೆ ನೂಕಲು ಅದಕ್ಕೆ ಏನೋ ಒಂದಿತ್ತು.

ಆ ಐವರಲ್ಲಿ ಮುಕುಂದ ಅವರ ಹೆಸರು ನಮಗೆ ಇನ್ನೊಂದು ಕಾರಣಕ್ಕೆ ಪರಿಚಿತ. ಮುಂದೆ ಅವರು ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿಗೆ, ತೆಂಗಿನ ಕರಟದಂಥ ವಸ್ತುಗಳಿಂದ ಅನಿಲ ತೆಗೆದು ಎಂಜಿನ್ ಓಡಿಸುವ ಗ್ಯಾಸಿಫೈಯರ್ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದರು. ಹಳ್ಳಿಗೆ ಕರೆಂಟು ಬೇಕು ಎಂಬುದಕ್ಕೆ ಅವರ ಉತ್ತರದಲ್ಲಿ ಉರಿಸಲು ಏನೋ ಒಂದಿತ್ತು, ಎಷ್ಟು ಉರಿಸಿದರೆ ಎಷ್ಟು ಕರೆಂಟು ಎಂಬ ಲೆಕ್ಕವಿತ್ತು.

ಅಲ್ಲಿಂದ ಮನೆಯ ಹಿರಿಯರ ಮೋಟಾರಿಗೆ ಬರೋಣ. ಆಕಾಶನೌಕೆಗೆ ಕೇಳಬೇಕಾದ ಪ್ರಶ್ನೆ "ಯಾವುದನ್ನು ಹಿಂದಕ್ಕೆ ನೂಕುತ್ತದೆ?" ಎಂದಾದರೆ, ಕರೆಂಟಿಲ್ಲದ ಮೋಟಾರಿಗೆ ಕೇಳಬೇಕಾದದ್ದು ಅದರ ತಂಗಿ: "ಶಕ್ತಿ ಯಾವುದರಿಂದ ತೆಗೆದುಕೊಳ್ಳುತ್ತದೆ?" ನೂರು ಮೀಟರ್ ಆಳದಿಂದ ಸಾವಿರ ಲೀಟರ್ ನೀರು ಮೇಲೆತ್ತಲು ಕನಿಷ್ಠ 0.27 ಯೂನಿಟ್ ಬೇಕು. ಯಾವ ಪಂಪಾದರೂ, ಯಾವ ಕಂಪನಿಯದಾದರೂ ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ. ಅಯಸ್ಕಾಂತ ಎಳೆಯುತ್ತದೆ ನಿಜ. ಆದರೆ ಹತ್ತಿರ ಬರುವಾಗ ಎಳೆದು ಕೊಟ್ಟದ್ದನ್ನು, ದೂರ ಹೋಗುವಾಗ ಹಿಡಿದು ನಿಲ್ಲಿಸಿ ವಾಪಸು ಪಡೆಯುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆಯ ದೊಡ್ಡ ತೊಟ್ಟಿಲನ್ನು ನೋಡಿ. ಒಂದು ಕಡೆ ಇಳಿಯುವವರ ಭಾರ ಇನ್ನೊಂದು ಕಡೆ ಏರುವವರನ್ನು ಎತ್ತುತ್ತದೆ. ಎರಡೂ ಕಡೆ ಸಮನಾಗಿದ್ದರೂ ಹಿಂದೆ ಜನರೇಟರು ಗುಡುಗುತ್ತಿರಬೇಕು. ಅದು ನಿಂತರೆ ತೊಟ್ಟಿಲು ನಾಲ್ಕು ಸುತ್ತು ತಿರುಗಿ ನಿಲ್ಲುತ್ತದೆ. ವಿಡಿಯೊದ ಮೋಟಾರಿನಲ್ಲಿ ಕಾಣದ ಬ್ಯಾಟರಿಯೋ ತಂತಿಯೋ ಎಲ್ಲೋ ಇದೆ, ಅಥವಾ ಅದು ನಿಲ್ಲುವ ಮುಂಚೆ ವಿಡಿಯೊ ನಿಂತಿದೆ.

ಇದನ್ನು ಅವರ ಮುಂದೆ ಹೇಳಿದಾಗ ಅವರು ವಾದ ಮಾಡಲಿಲ್ಲ. ಅವರ ಕಷ್ಟ ಭೌತವಿಜ್ಞಾನದ್ದಲ್ಲ. ತ್ರೀಫೇಸ್ ರಾತ್ರಿ ಹೊತ್ತು ಬರುತ್ತದೆ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಬ್ಯಾಟರಿ ಹಿಡಿದು ಹಾವಿನ ದಾರಿಯಲ್ಲಿ ಸ್ವಿಚ್ ಹಾಕಲು ಹೋಗಬೇಕು. ಕಾಳಿ, ಶರಾವತಿ, ಕೈಗಾ ಎಲ್ಲ ಇದೇ ಜಿಲ್ಲೆಯ ಮಣ್ಣಿನಲ್ಲಿ ಕರೆಂಟು ಹುಟ್ಟಿಸುತ್ತವೆ, ದೊಡ್ಡ ತಂತಿಗಳು ನಮ್ಮ ಕಾಡಿನ ಮೇಲೆಯೇ ಹಾದು ಹೋಗುತ್ತವೆ. ಅಷ್ಟು ಹತ್ತಿರ ಇದ್ದೂ ಸಿಗದ ಹಗಲಿನ ಕರೆಂಟಿಗೆ ಬದಲಾಗಿ ಯಾರೋ ಫೋನಿನಲ್ಲಿ ಅಯಸ್ಕಾಂತ ತೋರಿಸಿದರೆ ನಂಬಿಕೆ ಬರುವುದರಲ್ಲಿ ಆಶ್ಚರ್ಯವೇನು? "ಸುಳ್ಳು" ಎಂದು ಹೇಳಿ ಎದ್ದುಬಂದರೆ ಅವರ ರಾತ್ರಿ ಹಗಲಾಗುವುದಿಲ್ಲ. ಆದ್ದರಿಂದ ಅದೇ ಮುಂಗಡದ ದುಡ್ಡಿನ ಪಕ್ಕದಲ್ಲಿ ಸೋಲಾರ್ ಪಂಪಿನ ಲೆಕ್ಕ ಇಟ್ಟೆವು: ಎಷ್ಟು ಫಲಕ, ಎಷ್ಟು ಆಳಕ್ಕೆ, ಮಳೆಗಾಲದಲ್ಲಿ ಎಷ್ಟು ಕಡಿಮೆ. ಫೋನು ಮಾಡಿದವರಿಗೆ ನಮ್ಮ ಎರಡನೆಯ ಪ್ರಶ್ನೆಯನ್ನು ಅವರಿಂದಲೇ ಕೇಳಿಸಿದೆವು. "ಅದು ಸೀಕ್ರೆಟ್ ಟೆಕ್ನಾಲಜಿ" ಎಂಬ ಉತ್ತರ ಬಂತು. ಸೋಲಾರಿನವರಿಗೆ ಅದೇ ಪ್ರಶ್ನೆ ಕೇಳಿದರೆ "ಬಿಸಿಲಿನಿಂದ" ಅನ್ನುತ್ತಾರೆ, ಅದರಲ್ಲಿ ಗುಟ್ಟಿಲ್ಲ. ಮುಂಗಡ ಇನ್ನೂ ಹೋಗಿಲ್ಲ. ಸೋಲಾರೂ ಬಂದಿಲ್ಲ. ಈಗಲೂ ರಾತ್ರಿ ಸ್ವಿಚ್ ಹಾಕಲು ಹೋಗುತ್ತಾರೆ, ಒಮ್ಮೊಮ್ಮೆ ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತೇವೆ.

ಹುಡುಗಿಗೆ ನಾವು ಹೇಳಿದ್ದು ಬೇರೆ. ಏನನ್ನೂ ಎಸೆಯದ ನೌಕೆಯನ್ನು ಮರೆತರೂ ಕಳೆದುಕೊಳ್ಳುವುದೇನಿಲ್ಲ. ಎಸೆಯುವ ನೌಕೆಯಲ್ಲೇ ಬೇಕಾದಷ್ಟು ಬಿಡಿಸದ ಗಂಟುಗಳಿವೆ. ಜೆನಾನ್ ದುಬಾರಿ, ಅದರ ಬದಲು ಏನು ಬಳಸುವುದು? ಚಿಮ್ಮುವ ಕಣಗಳು ಕಾಲುವೆಯ ಗೋಡೆಯನ್ನೇ ಸವೆಸುತ್ತವೆ, ಸಾವಿರಾರು ಗಂಟೆ ಬಾಳುವಂತೆ ಮಾಡುವುದು ಹೇಗೆ? ಇಲೆಕ್ಟ್ರಾನ್ ಒದಗಿಸುವ ಕ್ಯಾಥೋಡು ಕಾಯಲು ಬೇಕಾಗುವ ವಿದ್ಯುತ್ತನ್ನು ಉಳಿಸಬಹುದೇ? ಈ ಕೊನೆಯ ಪ್ರಶ್ನೆಯ ಮೇಲೆ ಬೆಂಗಳೂರಿನಲ್ಲೇ, ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ಬೆಳೆದ ಬೆಲಾಟ್ರಿಕ್ಸ್ ಎಂಬ ಸಣ್ಣ ಕಂಪನಿ ಕೆಲಸ ಮಾಡಿದೆ. ಬಿಸಿಮಾಡುವ ಸುರುಳಿಯೇ ಬೇಡದ ಅದರ ಕ್ಯಾಥೋಡು 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದ ಮೇಲೆ ಕುಳಿತು ಕಕ್ಷೆಗೆ ಹೋಯಿತು. ಇಂಥ ಕೆಲಸಕ್ಕೆ ಬೇಕಾದ್ದು ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ಭೌತವಿಜ್ಞಾನವೋ ಎಂಜಿನಿಯರಿಂಗೋ, ಕೈಗೆ ಸ್ಪ್ಯಾನರ್ ಹಿಡಿಯುವ ಅಭ್ಯಾಸ. ಇಸ್ರೋದ ಉಪಗ್ರಹ ಕೇಂದ್ರಕ್ಕೆ ಯಾರ ಹೆಸರಿದೆಯೋ ಆ ಯು. ಆರ್. ರಾವ್ ಹುಟ್ಟಿದ್ದು ಉಡುಪಿ ಹತ್ತಿರದ ಅದಮಾರು ಎಂಬ ಹಳ್ಳಿಯಲ್ಲಿ. ಅವರ ನಾಯಕತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು.

ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು, ಅವರ ಮನೆಯ ಪಂಪು ಬಿಚ್ಚುವಾಗ ಯಾರೂ ತನ್ನನ್ನು ಹತ್ತಿರ ಬಿಡುವುದಿಲ್ಲ, ಮೋಟಾರಿನ ಒಳಗೆ ಹೇಗಿರುತ್ತದೆಂದು ಎಲ್ಲಿ ನೋಡಬಹುದು ಎಂದು. ಶಿರಸಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಪರಿಚಯದ ಒಬ್ಬರನ್ನು ಕೇಳಿದ್ದೇವೆ. ಒಂದು ಭಾನುವಾರ ಕರೆದುಕೊಂಡು ಬನ್ನಿ, ತಾಮ್ರದ ಸುರುಳಿ ಸುತ್ತಿಸಿಯೇ ಕಳಿಸುತ್ತೇನೆ ಎಂದಿದ್ದಾರೆ.